ಗೋಪುರದ ಗಡಿಯಾರ, ವಾರಗಿತ್ತಿಯರ ಲೆಕ್ಕ

ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಒಂದು ಲೆಕ್ಕ ತಪ್ಪಾಯಿತೆಂದು ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಲೆಕ್ಕ ತಪ್ಪಾಗಿರಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಸರಿಯಾದ ಉತ್ತರದ ಮೇಲೆ ನಾನೇ ಅಡ್ಡಗೆರೆ ಎಳೆದು, ಕಿರುಪರೀಕ್ಷೆಯ ಹಾಳೆಯನ್ನು ಮೇಡಂ ಕೈಗೆ ಕೊಟ್ಟು ಬಂದಾಗಿತ್ತು.

ಆ ಲೆಕ್ಕ ಯಾವುದೆಂದು ಹೇಳುತ್ತೇನೆ. ಗಣಿತ ಎಂದ ಕೂಡಲೇ ಪುಟ ಮಗುಚಬೇಡಿ. ಇದರಲ್ಲಿ ಅಡುಗೆಮನೆಯೂ ಇದೆ, ವಾರಗಿತ್ತಿಯರೂ ಇದ್ದಾರೆ, ಮನೆಗೆಲಸದ ಹೆಂಗಸರಿಗೆಂದೇ ಗಡಿಯಾರದ ಗೋಪುರ ಕಟ್ಟಿಸಿದ ಒಬ್ಬ ಪಾದ್ರಿಯೂ ಇದ್ದಾನೆ.

ನಮ್ಮಲ್ಲಿ ಫಂಕ್ಷನ್ ಎಂದರೆ ಮುಂಜಿ, ಮದುವೆ, ಸೀಮಂತ. ಗಣಿತದವರ ಫಂಕ್ಷನ್ ಒಂದು ಯಂತ್ರವಿದ್ದ ಹಾಗೆ. ಒಂದು ಕಡೆ ಒಂದು ಸಂಖ್ಯೆ ಹಾಕಿದರೆ ಇನ್ನೊಂದು ಕಡೆಯಿಂದ ಬೇರೊಂದು ಸಂಖ್ಯೆ ಬರುತ್ತದೆ. ಒರಳಿಗೆ ನೆನೆದ ಅಕ್ಕಿ ಹಾಕಿದರೆ ಹಿಟ್ಟು, ಕಾವಲಿಗೆ ಹಿಟ್ಟು ಹೊಯ್ದರೆ ದೋಸೆ. ಒರಳಿನಿಂದ ಬಂದದ್ದನ್ನೇ ಕಾವಲಿಗೆ ಹೊಯ್ಯುವುದರಿಂದ ಅಕ್ಕಿಯಿಂದ ದೋಸೆಯವರೆಗಿನ ಇಡೀ ದಾರಿಯನ್ನು ಒಂದೇ ಯಂತ್ರವೆಂದು ನೋಡಬಹುದು. ಹೀಗೆ ಒಂದರೊಳಗೆ ಇನ್ನೊಂದನ್ನು ಕೂರಿಸಿದ ಫಂಕ್ಷನ್ನನ್ನು ಸಂಯುಕ್ತ ಫಂಕ್ಷನ್ ಎನ್ನುತ್ತಾರೆ.

ಇನ್ನು ಘಾತಶ್ರೇಣಿ. ತ್ರಿಕೋನಮಿತಿಯ ಸೈನ್ ಮೊದಲಾದವು ನೇರವಾಗಿ ಲೆಕ್ಕಕ್ಕೆ ಸಿಗುವಂಥವಲ್ಲ. ಆದರೆ ಅವನ್ನು ಕೂಡಿಸುವುದು, ಕಳೆಯುವುದು, ಗುಣಿಸುವುದು ಇಷ್ಟರಿಂದಲೇ ಹಂತಹಂತವಾಗಿ ಹಿಡಿಯಬಹುದು. ಸೈನ್ ಎಕ್ಸ್ ಬೇಕಾದರೆ ಮೊದಲು ಎಕ್ಸ್ ತೆಗೆದುಕೊಳ್ಳಿ. ಅದರಿಂದ ಎಕ್ಸ್‌ನ ಘನದ ಆರನೇ ಒಂದು ಭಾಗ ಕಳೆಯಿರಿ, ಐದನೇ ಘಾತದ ನೂರ ಇಪ್ಪತ್ತನೇ ಒಂದು ಭಾಗ ಕೂಡಿಸಿ. ಹೀಗೇ ಮುಂದುವರಿಸುತ್ತಾ ಹೋದಷ್ಟೂ ಸರಿಯಾದ ಬೆಲೆಗೆ ಹತ್ತಿರವಾಗುತ್ತೀರಿ. ನಾವು ಓದುವಾಗ ಪುಸ್ತಕದಲ್ಲಿ ಇದಕ್ಕೆ ಐರೋಪ್ಯರ ಹೆಸರುಗಳೇ ಇದ್ದವು. ನಿಜಕ್ಕೂ ಸೈನ್‌ನ ಈ ಶ್ರೇಣಿ ಹುಟ್ಟಿದ್ದು ನಮ್ಮ ನೆರೆಯ ಕೇರಳದಲ್ಲಿ. ೧೪ನೇ ಶತಮಾನದ ಕೊನೆ, ೧೫ನೆಯದರ ಆರಂಭದಲ್ಲಿದ್ದ ಸಂಗಮಗ್ರಾಮದ ಮಾಧವನ ಹೆಸರಿನಲ್ಲಿ ಶಿಷ್ಯಪರಂಪರೆ ಇದನ್ನು ಉಳಿಸಿಕೊಂಡು ಬಂತು. ೧೬ನೇ ಶತಮಾನದಲ್ಲಿ ಜ್ಯೇಷ್ಠದೇವ ತನ್ನ ‘ಯುಕ್ತಿಭಾಷಾ’ದಲ್ಲಿ ಅದನ್ನು ಕಾರಣಸಮೇತ, ಅದೂ ಸಂಸ್ಕೃತ ಬಿಟ್ಟು ಮಲಯಾಳದಲ್ಲಿ, ಬರೆದಿಟ್ಟ. ಇಂಗ್ಲೆಂಡಿನ ನ್ಯೂಟನ್ ತನ್ನ ದಾರಿಯಲ್ಲಿ ಅದೇ ಶ್ರೇಣಿಗೆ ಬಂದದ್ದು ೧೬೬೯ರ ಹೊತ್ತಿಗೆ.

ನನಗೆ ಬಂದ ಲೆಕ್ಕ ಹೀಗಿತ್ತು: ‘ಇ’ ಎಂಬ ಸಂಖ್ಯೆಯ ತಲೆಯ ಮೇಲೆ ಸೈನ್ ಎಕ್ಸ್ ಕೂತಿದೆ, ಅದರ ಶ್ರೇಣಿ ಬರೆಯಿರಿ. ಕಾವಲಿಯ ಶ್ರೇಣಿ ಗೊತ್ತು: ಒಂದು, ಕೂಡಿಸು ಯು, ಕೂಡಿಸು ಯು ವರ್ಗದ ಅರ್ಧ, ಕೂಡಿಸು ಯು ಘನದ ಆರನೇ ಒಂದು, ಹೀಗೆ. ಒರಳಿನ ಶ್ರೇಣಿ ಆಗಲೇ ಹೇಳಿದೆ. ಯು ಇದ್ದಲ್ಲೆಲ್ಲ ಸೈನ್‌ನ ಶ್ರೇಣಿಯನ್ನೇ ತುಂಬಿ, ಗುಣಿಸಿ, ಒಂದೇ ಘಾತದ ಪದಗಳನ್ನು ಒಟ್ಟುಗೂಡಿಸಬೇಕು. ಅಕ್ಕಿಯನ್ನು ಅಕ್ಕಿಗೆ, ಬೇಳೆಯನ್ನು ಬೇಳೆಗೆ ಸೇರಿಸಿ ಡಬ್ಬಿ ತುಂಬಿಡುವ ಕೆಲಸವೇ. ನಾನೂ ಮಾಡಿದೆ. ಒಂದು ಬಂತು, ಎಕ್ಸ್ ಬಂತು, ಎಕ್ಸ್ ವರ್ಗದ ಅರ್ಧ ಬಂತು. ಮೂರನೆಯ ಘಾತಕ್ಕೆ ಬಂದರೆ ಒಂದು ಕಡೆಯಿಂದ ಆರನೇ ಒಂದು ಕೂಡುತ್ತದೆ, ಇನ್ನೊಂದು ಕಡೆಯಿಂದ ಅದೇ ಆರನೇ ಒಂದು ಕಳೆಯುತ್ತದೆ. ಡಬ್ಬಿ ಖಾಲಿ! ಎಲ್ಲಾ ಪದಗಳಿರುವ ಶ್ರೇಣಿಯೊಳಗೆ ಇನ್ನೊಂದು ಶ್ರೇಣಿ ಹಾಕಿದರೆ ನಡುವೆ ಒಂದು ಪದ ಹೇಗೆ ಮಾಯವಾದೀತು? ಹೆದರಿ ಹೊಡೆದುಹಾಕಿದೆ. ಅದು ನಿಜಕ್ಕೂ ಮಾಯವಾಗುತ್ತದೆ. ಅದರ ಮುಂದಿನದು ಎಕ್ಸ್‌ನ ನಾಲ್ಕನೇ ಘಾತದ ಎಂಟನೇ ಒಂದು ಭಾಗ, ಕಳೆಯುವ ಚಿಹ್ನೆಯೊಂದಿಗೆ.

ಪಕ್ಕದಲ್ಲಿ ಕೂತವಳು ಬೇರೆಯೇ ಹಳ್ಳಕ್ಕೆ ಬಿದ್ದಿದ್ದಳು. ಅವಳ ಪ್ರಶ್ನೆಪತ್ರಿಕೆಯಲ್ಲಿ ಸೈನ್ ಬದಲು ಕಾಸ್ ಇತ್ತು. ಕಾಸ್‌ನ ಶ್ರೇಣಿ ಸೊನ್ನೆಯಿಂದ ಹೊರಡುವುದಿಲ್ಲ, ಒಂದರಿಂದ ಹೊರಡುತ್ತದೆ. ಅದನ್ನು ಹಾಗೇ ತುಂಬಿದರೆ ಮೊದಲ ಪದಕ್ಕೇ ಮುಗಿಯದಷ್ಟು ಸಂಖ್ಯೆಗಳನ್ನು ಕೂಡಿಸುತ್ತಾ ಕೂರಬೇಕು. ಆ ಒಂದನ್ನು ಮೊದಲೇ ಎತ್ತಿ ‘ಇ’ ಎಂಬ ಗುಣಕವಾಗಿ ಹೊರಗಿಟ್ಟು, ಉಳಿದದ್ದನ್ನು ಮಾತ್ರ ಒಳಗೆ ಹಾಕಬೇಕು. ಅವಳು ಹಾಗೇ ತುಂಬಿ, ಗಂಟೆ ಹೊಡೆಯುವವರೆಗೂ ಕೂಡಿಸುತ್ತಿದ್ದಳು.

ಮಾರನೆಯ ದಿನ ಮೇಡಂ ನನ್ನ ಅಡ್ಡಗೆರೆ ನೋಡಿ ನಕ್ಕರು. ನಾನು ಧೈರ್ಯ ಮಾಡಿ, “ಹತ್ತನೇ ಪದ ಬೇಕಾದರೆ ಇಷ್ಟೂ ಗುಣಿಸಬೇಕೇ ಮೇಡಂ? ನೇರವಾದ ಸೂತ್ರ ಇಲ್ಲವೇ?” ಎಂದೆ. “ಇದೆ. ಫಾ ದಿ ಬ್ರೂನೊ ಸೂತ್ರ ಅಂತ. ಪರೀಕ್ಷೆಗೆ ಬರಲ್ಲ, ಬಿಡಮ್ಮ” ಎಂದರು. ಪರೀಕ್ಷೆಗೆ ಬಾರದ್ದನ್ನು ಬಿಟ್ಟೆ. ಆ ಹೆಸರು ಮಾತ್ರ ಯಾವುದೋ ತಿಂಡಿಯ ಹೆಸರಿನಂತೆ ನಾಲಿಗೆಯಲ್ಲಿ ಉಳಿಯಿತು.

ಮದುವೆ, ಮಕ್ಕಳು, ಒಂದಷ್ಟು ವರ್ಷ ಪಿ.ಯು. ಕಾಲೇಜಿನಲ್ಲಿ ಪಾಠ. ಎಲ್ಲ ಮುಗಿದು ಮಧ್ಯಾಹ್ನಗಳು ನನ್ನವೇ ಆದ ಮೇಲೆ ಗಣಿತದ ಚರಿತ್ರೆ ಓದುವ ಹುಚ್ಚು ಹತ್ತಿತು. ಒಂದು ದಿನ ಆ ಹೆಸರು ಮತ್ತೆ ಎದುರಾಯಿತು. ಸೂತ್ರಕ್ಕಿಂತ ಮೊದಲು ಸೂತ್ರದವನ ಕಥೆಯೇ ನನ್ನನ್ನು ಹಿಡಿದು ಕೂರಿಸಿತು.

ಫ್ರಾನ್ಚೆಸ್ಕೊ ಫಾ ದಿ ಬ್ರೂನೊ ಹುಟ್ಟಿದ್ದು ೧೮೨೫ರಲ್ಲಿ, ಇಟಲಿಯ ಅಲೆಸ್ಸಾಂಡ್ರಿಯ ಊರಿನಲ್ಲಿ. ಶ್ರೀಮಂತ ಮನೆತನ, ತುಂಬಿದ ಮನೆ. ಮೊದಲು ಸೈನ್ಯ ಸೇರಿದ. ೧೮೪೯ರ ನೊವಾರಾ ಯುದ್ಧದಲ್ಲಿ ಗಾಯಗೊಂಡ. ಸೈನ್ಯ ಬಿಟ್ಟು ಪ್ಯಾರಿಸ್‌ನಲ್ಲಿ ಕೋಶಿ ಎಂಬ ಮಹಾ ಗಣಿತಜ್ಞನ ಬಳಿ ಓದಿದ, ಆಮೇಲೆ ಟ್ಯೂರಿನ್ ನಗರಕ್ಕೆ ಬಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. ಅಂಕಗಣಿತಕ್ಕೇ ಅಡಿಪಾಯ ಹಾಕಿಕೊಟ್ಟ ಪೆಆನೊ ಅವನ ವಿದ್ಯಾರ್ಥಿಗಳಲ್ಲೊಬ್ಬ. ಕಣ್ಣು ಕಾಣದ ತನ್ನ ಅಕ್ಕನಿಗಾಗಿ ಬರೆಯುವ ಸಾಧನವೊಂದನ್ನೂ ಮಾಡಿಕೊಟ್ಟಿದ್ದ.

ಆ ಕಾಲದ ಟ್ಯೂರಿನ್‌ಗೆ ಸುತ್ತಲ ಹಳ್ಳಿಗಳಿಂದ ಹೆಣ್ಣುಮಕ್ಕಳು ಮನೆಗೆಲಸ ಹುಡುಕಿಕೊಂಡು ಬರುತ್ತಿದ್ದರು. ಇದ್ದ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಕಾಯಿಲೆ ಬಿದ್ದರೆ, ವಯಸ್ಸಾದರೆ, ಯಜಮಾನತಿಗೆ ಸಿಟ್ಟು ಬಂದರೆ ಬೀದಿ. ಫಾ ದಿ ಬ್ರೂನೊ ೧೮೫೯ರಲ್ಲಿ ಇಂಥ ಹೆಂಗಸರಿಗಾಗಿ ಸಾನ್ ದೊನಾತೊ ಎಂಬ ಬಡಾವಣೆಯಲ್ಲಿ ಒಂದು ಆಸರೆಯ ಸಂಸ್ಥೆ ತೆರೆದ. ಅದಕ್ಕೆ ಸಂತ ಜೀತಾಳ ಹೆಸರಿಟ್ಟ. ಜೀತಾ ೧೩ನೇ ಶತಮಾನದಲ್ಲಿ ಲುಕ್ಕಾ ಎಂಬ ಊರಿನಲ್ಲಿ ಒಂದೇ ಮನೆಯಲ್ಲಿ ಜೀವನವಿಡೀ ದುಡಿದ ಕೆಲಸದಾಕೆ. ಮನೆಗೆಲಸದವರು ಇವತ್ತಿಗೂ ಮೊರೆಹೋಗುವ ಸಂತಳು ಅವಳೇ. (ಕನ್ನಡದ ಕಿವಿಗೆ ಆ ಹೆಸರು ಜೀತ ಎಂದೇ ಕೇಳಿಸುತ್ತದೆ. ಇದು ಬರೀ ಕಾಕತಾಳೀಯ, ಆದರೂ ಬರೆಯುವಾಗ ಕೈ ಒಂದು ಕ್ಷಣ ತಡೆಯಿತು.)

ಸಂಸ್ಥೆಯ ಪಕ್ಕದಲ್ಲೇ ಒಂದು ಚರ್ಚು ಕಟ್ಟಿಸಿದ. ಚರ್ಚು ಸಿದ್ಧವಾದ ೧೮೭೬ರಲ್ಲೇ, ಐವತ್ತೊಂದನೆಯ ವಯಸ್ಸಿನಲ್ಲಿ, ತಾನೂ ಪಾದ್ರಿಯಾದ. ಊರಿನ ಆರ್ಚ್‌ಬಿಷಪ್ ಇಷ್ಟು ತಡವಾಗಿ ದೀಕ್ಷೆ ಕೊಡಲು ಒಪ್ಪದೆ, ಪೋಪರೇ ನಡುವೆ ಬರಬೇಕಾಯಿತು. ಆ ಚರ್ಚಿನ ಗಂಟೆಗೋಪುರ ಎಪ್ಪತ್ತು ಮೀಟರಿಗೂ ಮಿಕ್ಕಿ ಎತ್ತರವಿದೆ, ತೆಳ್ಳಗೆ ಊದಿನಕಡ್ಡಿಯ ಹಾಗೆ. ಮೇಲೆ ನಾಲ್ಕೂ ದಿಕ್ಕಿಗೆ ಗಡಿಯಾರ. ಅಷ್ಟೆತ್ತರ ಯಾಕೆಂದರೆ, ಕೂಲಿಯವರಿಗೆ, ಮನೆಗೆಲಸದ ಹೆಂಗಸರಿಗೆ ಸ್ವಂತ ಗಡಿಯಾರವಿಲ್ಲ. ಗಂಟೆ ಎಷ್ಟಾಯಿತೆಂದು ಯಜಮಾನರು ಹೇಳಿದ್ದೇ ಸರಿ. ದೂರದಿಂದಲೂ ಅವರೇ ಕತ್ತೆತ್ತಿ ನೋಡಿಕೊಳ್ಳಲಿ, ಹೊತ್ತಿನ ವಿಷಯದಲ್ಲಿ ಯಾರೂ ಅವರಿಗೆ ಮೋಸ ಮಾಡದಿರಲಿ ಎಂದು ಹಾಗೆ ಕಟ್ಟಿಸಿದನೆಂದು ಹೇಳುತ್ತಾರೆ.

ಇದನ್ನು ಓದಿದ್ದು ಒಂದು ಮಧ್ಯಾಹ್ನ. ಒಳಗೆ ಪಾತ್ರೆಯ ಸದ್ದಾಗುತ್ತಿತ್ತು. ನಮ್ಮ ಮನೆಗೆ ಹನ್ನೆರಡು ವರ್ಷದಿಂದ ಬರುತ್ತಿದ್ದವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳ ಕೆಲಸ ಎರಡು ಗಂಟೆಗೆ ಮುಗಿಯಬೇಕು. ಆದರೆ “ಹೇಗೂ ಇದ್ದೀಯಲ್ಲ, ಈ ಸೊಪ್ಪೊಂದು ಬಿಡಿಸಿಬಿಡು”, “ಹೋಗುತ್ತಾ ಈ ಬಕೆಟ್ಟಿನ ಬಟ್ಟೆಯಷ್ಟು ಒಣಗಿಸಿಬಿಡು” ಎಂದು ನಾನು ಹೇಳದ ದಿನವಿರಲಿಲ್ಲ. ಒಂದೊಂದೂ ಹತ್ತು ನಿಮಿಷದ ಕೆಲಸ. ನಮ್ಮ ಮನೆಯ ಗೋಡೆಗಡಿಯಾರ ಇದ್ದದ್ದು ನಡುಮನೆಯಲ್ಲಿ, ಟಿ.ವಿ.ಯ ಮೇಲೆ. ಅಡುಗೆಮನೆಯಿಂದ, ಹಿತ್ತಲಿಂದ ಅದು ಕಾಣುವುದಿಲ್ಲ. ಯಾರೂ ಬೇಕೆಂದು ಹಾಗೆ ನೇತುಹಾಕಿದ್ದಲ್ಲ. ಆದರೂ ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅದಿರಲಿ, ಸೂತ್ರಕ್ಕೆ ಬರೋಣ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ಅಜ್ಜಿಯ ಮನೆ.

ಅಜ್ಜಿಯ ಮನೆಯಲ್ಲಿ ನಾಲ್ವರು ಸೊಸೆಯಂದಿರು. ನಾಲ್ವರೂ ಒಟ್ಟಾಗಿ ಒಂದೇ ಮಾತಾಗಿದ್ದ ದಿನಗಳೂ ಇದ್ದವು, ನಾಲ್ಕು ದಿಕ್ಕಿಗೆ ಮುಖ ಮಾಡಿದ್ದ ದಿನಗಳೂ ಇದ್ದವು. ಈ ನಾಲ್ವರು ವಾರಗಿತ್ತಿಯರು ಒಟ್ಟು ಎಷ್ಟು ಬಗೆಯಲ್ಲಿ ಪಂಗಡವಾಗಬಹುದು? ಎಲ್ಲರೂ ಒಂದಾಗುವುದು ಒಂದು ಬಗೆ. ಮೂವರು ಸೇರಿ ಒಬ್ಬಳನ್ನು ಹೊರಗಿಡುವುದು ನಾಲ್ಕು ಬಗೆ. ಇಬ್ಬಿಬ್ಬರ ಎರಡು ಜೋಡಿಯಾಗುವುದು ಮೂರು ಬಗೆ. ಇಬ್ಬರು ಒಂದಾಗಿ ಉಳಿದಿಬ್ಬರು ತಮ್ಮಷ್ಟಕ್ಕೆ ತಾವಿರುವುದು ಆರು ಬಗೆ. ಎಲ್ಲರೂ ಬೇರೆ ಬೇರೆ, ಒಂದು ಬಗೆ. ಒಟ್ಟು ೧೫. ಇವಿಷ್ಟನ್ನೂ ಅಜ್ಜಿ ಕಂಡಿದ್ದಳೆಂದು ನನ್ನ ನಂಬಿಕೆ.

ಫಾ ದಿ ಬ್ರೂನೊ ಸೂತ್ರ ಇದೇ. ಶ್ರೇಣಿಯ ನಾಲ್ಕನೇ ಪದ ಬೇಕಾದರೆ ಸಂಯುಕ್ತ ಫಂಕ್ಷನ್ನನ್ನು ನಾಲ್ಕು ಸಲ ಡಿಫರೆನ್ಷಿಯೇಟ್ ಮಾಡಬೇಕು. ಮಾಡಿದಾಗ ಬರುವ ಪದಗಳ ಮುಂದೆ ಒಂದು, ಆರು, ಮೂರು, ನಾಲ್ಕು, ಒಂದು ಎಂಬ ಅಂಕಿಗಳೇ ನಿಂತಿರುತ್ತವೆ! ಯಾಕೆ ಹೀಗೆ? ಮನೆಗೆ ಹೊಸ ಸೊಸೆ ಬಂದಳೆಂದುಕೊಳ್ಳಿ. ಅವಳಿಗೆ ಎರಡೇ ದಾರಿ: ಆಗಲೇ ಇರುವ ಒಂದು ಗುಂಪಿಗೆ ಸೇರುವುದು, ಇಲ್ಲವೇ ತಾನೇ ಒಂದು ಗುಂಪಾಗಿ ನಿಲ್ಲುವುದು. ಪ್ರತಿ ಸಲ ಡಿಫರೆನ್ಷಿಯೇಟ್ ಮಾಡಿದಾಗಲೂ ಆಗುವುದು ಅದೇ. ಅದು ಒಳಗಿನ ಫಂಕ್ಷನ್ನಿನ ಯಾವುದಾದರೊಂದು ತುಂಡಿನ ಮೇಲೆ ಬಿದ್ದರೆ ಹೊಸಬಳು ಹಳೆಯ ಗುಂಪಿಗೆ ಸೇರಿದಂತೆ. ಹೊರಗಿನ ಫಂಕ್ಷನ್ನಿನ ಮೇಲೆ ಬಿದ್ದರೆ ಸರಪಳಿ ನಿಯಮದ ಪ್ರಕಾರ ಒಳಗಿನದರ ಹೊಸ ತುಂಡೊಂದು ಹುಟ್ಟಿಕೊಳ್ಳುತ್ತದೆ, ಹೊಸಬಳು ಬೇರೆ ಒಲೆ ಹೂಡಿದಂತೆ. ಇಷ್ಟು ತಿಳಿದರೆ ಹತ್ತನೇ ಪದಕ್ಕೂ ದಾರಿ ಸಿಕ್ಕಿತು. ಗುಣಿಸಬೇಕಿಲ್ಲ, ಪಂಗಡಗಳನ್ನು ಎಣಿಸಿದರೆ ಸಾಕು. ಹುಡುಗಿಯರಿಗೆ ಪಾಠ ಹೇಳುತ್ತಿದ್ದಾಗ ನನಗಿದು ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ.

ವಾರಗಿತ್ತಿಯರು ಐವರಾದರೆ ೫೨ ಬಗೆ, ಆರಾದರೆ ೨೦೩. ಈ ೧, ೨, ೫, ೧೫, ೫೨ ಎಂಬ ಸಾಲಿಗೂ ಒಂದು ಸಂಯುಕ್ತ ಫಂಕ್ಷನ್ ಇದೆ: ‘ಇ’ಯ ತಲೆಯ ಮೇಲೆ, ಎಕ್ಸ್ ಹೊತ್ತ ಇನ್ನೊಂದು ‘ಇ’ಯಿಂದ ಒಂದನ್ನು ಕಳೆದು ಕೂರಿಸಿದರೆ, ಅದರ ಘಾತಶ್ರೇಣಿಯಲ್ಲಿ ಇವೇ ಸಂಖ್ಯೆಗಳು ಒಂದೊಂದಾಗಿ ಹೊರಬರುತ್ತವೆ. ಇವಕ್ಕೆ ಬೆಲ್ ಸಂಖ್ಯೆಗಳೆಂದು ಹೆಸರು. ೧೯೩೦ರ ದಶಕದಲ್ಲಿ ಎರಿಕ್ ಟೆಂಪಲ್ ಬೆಲ್ ಎಂಬಾತ ಇವುಗಳ ಬಗ್ಗೆ ಬರೆದ. ಅದಕ್ಕೂ ಎಷ್ಟೋ ವರ್ಷ ಮೊದಲೇ ನಮ್ಮ ರಾಮಾನುಜನ್ ತನ್ನ ನೋಟ್‌ಬುಕ್ಕಿನಲ್ಲಿ ಇವನ್ನು ಬರೆದುಕೊಂಡಿದ್ದರು. ಅವರಿಗೂ ಮುಂಚೆ ೧೮ನೇ ಶತಮಾನದ ಜಪಾನಿನಲ್ಲಿ ಇವನ್ನು ಎಣಿಸಿದ್ದರು. ಅಲ್ಲಿ ಸುಗಂಧದ ಒಂದು ಆಟವಿದೆ. ಐದು ಸಲ ಧೂಪ ಹಾಕುತ್ತಾರೆ, ಯಾವ ಯಾವುದು ಒಂದೇ ಪರಿಮಳವೆಂದು ಮೂಗಿನಿಂದಲೇ ಹೇಳಬೇಕು. ಉತ್ತರ ೫೨ ಬಗೆಯಲ್ಲಿರಬಹುದು. ಐದು ನಿಂತ ಗೆರೆ ಎಳೆದು, ಒಂದೇ ಪರಿಮಳದವನ್ನು ಮೇಲೆ ಅಡ್ಡಗೆರೆಯಿಂದ ಸೇರಿಸಿ ಉತ್ತರ ಬರೆಯುತ್ತಾರೆ. ನೋಡಲು ಬಾಚಣಿಗೆಯ ಹಾಗೆ. ಆ ಚಿತ್ರಗಳು ಅಲ್ಲಿಯ ಹೆಂಗಸರ ಕಿಮೋನೊ ಮೇಲೂ ಬಂದವು. ಒಂದೊಂದು ಚಿತ್ರಕ್ಕೂ ‘ಗೆಂಜಿಯ ಕಥೆ’ಯ ಒಂದೊಂದು ಅಧ್ಯಾಯದ ಹೆಸರು. ಸಾವಿರ ವರ್ಷದ ಹಿಂದೆ ಮುರಸಾಕಿ ಶಿಕಿಬು ಎಂಬ ಹೆಣ್ಣುಮಗಳು ಬರೆದ ಕೃತಿ ಅದು. ಅಧ್ಯಾಯಗಳು ೫೪, ಚಿತ್ರಗಳು ೫೨. ಮೊದಲನೆಯ ಮತ್ತು ಕೊನೆಯ ಅಧ್ಯಾಯಗಳನ್ನು ಬಿಟ್ಟು ಹೊಂದಿಸಿಕೊಂಡರು.

ಬೆಲ್ ೧೯೩೭ರಲ್ಲಿ ಗಣಿತಜ್ಞರ ಜೀವನ ಚರಿತ್ರೆಗಳ ಪ್ರಸಿದ್ಧ ಪುಸ್ತಕವೊಂದನ್ನು ಬರೆದ. ‘ಮೆನ್ ಆಫ್ ಮ್ಯಾಥಮ್ಯಾಟಿಕ್ಸ್’ ಎಂದು ಅದರ ಹೆಸರು. ಹೆಸರೇ ಹಾಗಿರುವಾಗ ನಾವು ಕೇಳುವುದೇನು! ಅದರಲ್ಲೂ ಒಬ್ಬಳು ಗುರುವಿನ ಜೊತೆ ಒಂದು ಅಧ್ಯಾಯ ಹಂಚಿಕೊಂಡು ಕೂತಿದ್ದಾಳೆ. ಆಕೆ ರಷ್ಯದ ಸೋಫಿಯಾ ಕೊವಲೆವ್‌ಸ್ಕಾಯ. ಮಗುವಾಗಿದ್ದಾಗ ಆಕೆಯ ಕೋಣೆಗೆ ಅಂಟಿಸಲು ಗೋಡೆಕಾಗದ ಸಾಲದೆ, ಕಲನಶಾಸ್ತ್ರದ ಹಳೆಯ ಪಾಠದ ಹಾಳೆಗಳನ್ನು ಅಂಟಿಸಿದ್ದರಂತೆ. ಆಕೆ ಗಂಟೆಗಟ್ಟಲೆ ಗೋಡೆ ನೋಡುತ್ತಾ ನಿಲ್ಲುತ್ತಿದ್ದಳು. ಹೊರದೇಶಕ್ಕೆ ಹೋಗಿ ಓದಲಿಕ್ಕಾಗಿಯೇ ಹೆಸರಿಗೊಂದು ಮದುವೆ ಮಾಡಿಕೊಂಡಳು. ಬರ್ಲಿನ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ವೈಯರ್‌ಸ್ಟ್ರಾಸ್ ಆಕೆಗೆ ಮನೆಯಲ್ಲೇ ಪಾಠ ಹೇಳಿದ. ೧೮೭೪ರಲ್ಲಿ ಗೊಟ್ಟಿಂಗೆನ್ ಆಕೆಗೆ ಡಾಕ್ಟರೇಟ್ ಕೊಟ್ಟಿತು. ಆಕೆಯ ಹೆಸರಿನ ಪ್ರಮೇಯವೂ ಘಾತಶ್ರೇಣಿಗಳದ್ದೇ. ಶ್ರೇಣಿಯೊಳಗೆ ಶ್ರೇಣಿ ತುಂಬಿ ಸಮೀಕರಣಕ್ಕೆ ಉತ್ತರ ಹುಡುಕುವಾಗ, ಆ ಉತ್ತರ ನಿಜಕ್ಕೂ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ನಮ್ಮ ಪಠ್ಯದಲ್ಲಿ ಈ ಪ್ರಶ್ನೆಯನ್ನೇ ಯಾರೂ ಎತ್ತಿರಲಿಲ್ಲ.

ಫಾ ದಿ ಬ್ರೂನೊ ತನ್ನ ಸೂತ್ರ ಪ್ರಕಟಿಸಿದ್ದು ೧೮೫೫ರಲ್ಲಿ ಇಟಾಲಿಯನ್ನಿನಲ್ಲಿ, ಮತ್ತೆ ೧೮೫೭ರಲ್ಲಿ ಫ್ರೆಂಚಿನಲ್ಲಿ. ಎರಡೂ ಎರಡೆರಡು ಪುಟದ ಬರಹಗಳು. ಎರಡನೆಯದರ ತಲೆಬರಹದಲ್ಲಿ ‘ಹೊಸ ಸೂತ್ರ’ ಎಂದಿದೆ. ಇಲ್ಲೊಂದು ತೊಡಕು. ಸೂತ್ರ ಹೊಸದಾಗಿರಲಿಲ್ಲ. ೧೮೫೦ರಲ್ಲೇ ‘ಟಿ. ಎ.’ ಎಂಬ ಎರಡಕ್ಷರದ ಹಿಂದೆ ಅಡಗಿದ ಒಬ್ಬಾತ ಫ್ರೆಂಚ್ ಪತ್ರಿಕೆಯಲ್ಲಿ ಅದನ್ನು ಬರೆದಿದ್ದ. ಅವನಿಗೂ ಮೊದಲು, ೧೮೦೦ರಲ್ಲಿ, ಸ್ಟ್ರಾಸ್‌ಬರ್ಗ್‌ನ ಅರ್ಬೊಗಾಸ್ಟ್ ಇದೇ ವಿಷಯಕ್ಕೆ ಒಂದು ದಪ್ಪ ಪುಸ್ತಕವನ್ನೇ ಮೀಸಲಿಟ್ಟಿದ್ದ: ಶ್ರೇಣಿಯೊಳಗೆ ಶ್ರೇಣಿ ಹಾಕಿದಾಗ ಒಂದು ಪದದಿಂದ ಮುಂದಿನ ಪದವನ್ನು ತಪ್ಪದೆ ಬರೆಯುವುದು ಹೇಗೆಂದು. ಈ ಅರ್ಬೊಗಾಸ್ಟ್ ಫ್ರೆಂಚ್ ಕ್ರಾಂತಿಯ ಕಾಲದ ಶಾಸನಸಭೆಯಲ್ಲೂ ಇದ್ದ. ದೇಶಕ್ಕೆಲ್ಲ ಒಂದೇ ಅಳತೆ, ಒಂದೇ ತೂಕ ಇರಲಿ ಎಂದು ೧೭೯೩ರಲ್ಲಿ ಸಭೆಯ ಮುಂದೆ ವರದಿ ಇಟ್ಟವನು ಅವನೇ. ಸೇರು, ಪಾವು, ಚಟಾಕು ಬಿಟ್ಟು ನಾವಿಂದು ಕಿಲೋ ಲೆಕ್ಕದಲ್ಲಿ ಬೇಳೆ ತರುತ್ತಿದ್ದೇವಲ್ಲ, ಅದರ ಬೇರು ಅಲ್ಲಿದೆ. ೧೮೦೩ರಲ್ಲಿ, ಐವತ್ತೂ ತುಂಬುವ ಮೊದಲೇ, ತೀರಿಕೊಂಡ. ಪುಸ್ತಕ ಕಷ್ಟದ್ದು, ಅವನ ಚಿಹ್ನೆಗಳು ವಿಚಿತ್ರ. ಓದಿದವರು ಕೆಲವರು, ಮರೆತವರು ಹಲವರು. ಹೆಸರು ಬೇರೆಯವನಿಗೆ ಹೋಯಿತು.

ಇದು ಅನ್ಯಾಯವೆಂದೇ ನನಗೆ ಮೊದಲು ಅನ್ನಿಸಿದ್ದು. ನನ್ನ ಅತ್ತೆಯ ಕೈಯಲ್ಲಿ ಕಲಿತ ಮೆಂತ್ಯದ ಗೊಜ್ಜನ್ನು ನಮ್ಮ ಬೀದಿಯಲ್ಲಿ ಎಲ್ಲರೂ ನನ್ನ ಗೊಜ್ಜು ಎನ್ನುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಹಾಗಾಗಿ ಫಾ ದಿ ಬ್ರೂನೊ ಮೇಲೆ ಜೋರಾಗಿ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಆತ ಬೇರೆಯವರದನ್ನು ನೋಡಿ ಬರೆದನೆಂದು ಯಾರೂ ಹೇಳಿಲ್ಲ. ನೋಡದೆ ‘ಹೊಸದು’ ಎಂದದ್ದು ನಿಜ. ೧೮೮೮ರಲ್ಲಿ ಟ್ಯೂರಿನ್‌ನಲ್ಲಿ ತೀರಿಕೊಂಡ. ಸರಿಯಾಗಿ ನೂರು ವರ್ಷಕ್ಕೆ, ೧೯೮೮ರಲ್ಲಿ, ಪೋಪ್ ಎರಡನೇ ಜಾನ್ ಪಾಲ್ ಆತನನ್ನು ಧನ್ಯನೆಂದು ಸಾರಿದರು. ಸಂತ ಪದವಿಗೆ ಅದು ಹಿಂದಿನ ಮೆಟ್ಟಿಲು. ಆ ಗೌರವ ಸಿಕ್ಕಿದ್ದು ಸೂತ್ರಕ್ಕಲ್ಲ, ಸೂತ್ರ ಹೊಸದೋ ಹಳೆಯದೋ ಎಂದು ಅಲ್ಲಿ ಯಾರೂ ಕೇಳಿರಲಾರರು.

ಆ ವಾರವೇ ನಾನು ಪೇಟೆಗೆ ಹೋಗಿ ಇನ್ನೊಂದು ಗಡಿಯಾರ ತಂದೆ. ದೊಡ್ಡ ಅಂಕಿಗಳದ್ದು, ಬಿಳಿ ಮುಖದ್ದು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಜಾಗಕ್ಕೆ ಎದುರಾಗಿ ಮೊಳೆ ಹೊಡೆಸಿ ನೇತುಹಾಕಿದೆ. ಅವಳು ಬಂದಾಗ ತುಸು ಹೆಮ್ಮೆಯಿಂದಲೇ ತೋರಿಸಿ, “ಇನ್ನು ಮೇಲೆ ಎರಡು ಗಂಟೆಯಾದ ಕೂಡಲೇ ನೀನು ಹೊರಡಬೇಕು. ನಾನು ಏನೇ ಹೇಳಿದರೂ ಕೇಳಬೇಡ. ಇದನ್ನು ನೋಡಿಕೊ” ಎಂದೆ. ಅವಳು ಕೈ ಒರೆಸಿಕೊಳ್ಳುತ್ತಾ ತಲೆಯೆತ್ತಿ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು.

“ಅಮ್ಮಾರೆ, ಇದು ಐದ್ ನಿಮ್ಸ ಹಿಂದೈತೆ. ಇಸ್ಕೂಲ್ ಗಂಟೆ ಆಗ್ಲೇ ಹೊಡೀತಲ್ಲ” ಎಂದಳು.

ಹನ್ನೆರಡು ವರ್ಷವೂ ಅವಳಿಗೆ ಹೊತ್ತು ಗೊತ್ತಿತ್ತು. ಒಂದೂವರೆಗೆ ಹಿಂದಿನ ಬೀದಿಯ ಶಾಲೆಯ ಗಂಟೆ, ಎರಡಕ್ಕೆ ಹತ್ತು ನಿಮಿಷವಿರುವಾಗ ಕೆರೆ ಏರಿಯ ಮೇಲೆ ಬರುವ ಬಸ್ಸು. ನಾನು ಸ್ಟೂಲು ಹತ್ತಿ ಗಡಿಯಾರ ಕೆಳಗಿಳಿಸಿ ಐದು ನಿಮಿಷ ಮುಂದೆ ತಿರುಗಿಸಿದೆ. ಅವಳು ಸ್ಟೂಲು ಅಲುಗಾಡದಂತೆ ಹಿಡಿದುಕೊಂಡು ನಿಂತಿದ್ದಳು. ಆ ದಿನ ಎರಡು ಗಂಟೆಗೆ ಅವಳು ಹೊರಟಾಗ ಹಾಲಿನ ಪಾತ್ರೆಯೂ ಸಾರಿನ ತಪ್ಪಲೆಯೂ ಹಾಗೇ ಉಳಿದಿದ್ದವು.